ಕರ್ಪೂರದ ಮೇಲಿಟ್ಟ ಅಂಗೈ

ಫೆಬ್ರವರಿ ಒಂಬತ್ತು, ಭಾನುವಾರ, ಬೆಳಗ್ಗೆ ಹತ್ತೂಕಾಲು. ಆಗ ಶುರುವಾದದ್ದು ನನ್ನ ಭಯ.

ಕುಂದಾಣದಲ್ಲಿ ನಮ್ಮ ಪಕ್ಕದ ಮನೆಯ ಅಣ್ಣ ಹಳೆಯ ಟೆಂಪೊ ಟ್ರಾವೆಲರ್ ಒಳಗೆ ಮಂಚ, ಫ್ಯಾನು, ದೀಪ ಕೂರಿಸಿ ಅದನ್ನು ಓಡಾಡುವ ಮನೆ ಮಾಡಿಕೊಂಡಿದ್ದ. ಮಂಚದ ಕೆಳಗೆ ಎರಡು ದೊಡ್ಡ ಬ್ಯಾಟರಿ. ಚಾರ್ಜಿಗೆ ಹಾಕಿದಾಗಲೆಲ್ಲ ಕಿಟಕಿಗಳನ್ನು ತೆರೆದು, ಬಾಗಿಲಲ್ಲೇ ನಿಂತು ಮೂಗೆಳೆದು ವಾಸನೆ ನೋಡುತ್ತಿದ್ದ. "ಚಾರ್ಜಾಗುವಾಗ ಬ್ಯಾಟರಿ ಬಿಡೋ ಗ್ಯಾಸ್ ಕಣ್ಣಿಗೆ ಕಾಣಲ್ಲ ಗುರು, ಹೊತ್ತಿಕೊಳ್ಳೋಕೆ ಒಂದು ಕಿಡಿ ಸಾಕು" ಅನ್ನುತ್ತಿದ್ದ. ಯಾವಾಗಲೂ ಅದೇ ಮಾತು.

ಅವತ್ತು ತಾಯಿ ಮಗ ಪ್ರವಾಸ ಹೊರಟಿದ್ದರು. ಅಣ್ಣ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದ. ಬ್ಯಾಟರಿ ಇನ್ನೂ ಚಾರ್ಜಾಗುತ್ತಿತ್ತು. ಧೂಳು ಬರುತ್ತದೆಂದು ಅವನಮ್ಮ ಕಿಟಕಿಗಳನ್ನು ಮುಚ್ಚಿ, ಗಾಡಿಗೆ ದೃಷ್ಟಿ ತೆಗೆಯಲು ಕರ್ಪೂರ ಹಚ್ಚಿದ ತಟ್ಟೆ ಹಿಡಿದು ಒಳಕ್ಕೆ ಹತ್ತತೊಡಗಿದರು. ಬ್ಯಾಟರಿ ಅತಿಯಾಗಿ ಕಾದಾಗ ಬರುವ ಕೊಳೆತ ಮೊಟ್ಟೆಯಂಥ ವಾಸನೆ ಹತ್ತಿರವೇ ನಿಂತಿದ್ದ ನನಗೂ ಬಂತು. ಅಣ್ಣ ಓಡಿಬಂದು ಉರಿಯುವ ಕರ್ಪೂರದ ಮೇಲೆ ಒದ್ದೆ ಅಂಗೈ ಒತ್ತಿಬಿಟ್ಟ.

"ಹೊರಡೋ ಹೊತ್ತಲ್ಲಿ ಮಂಗಳಾರತಿ ಆರಿಸ್ತೀಯೇನೋ? ಅಪಶಕುನ ಕಣೋ" ಅಂದರು ಅವನಮ್ಮ.

"ಒಳಗೆ ಬೇಡಮ್ಮ, ಹೊರಗೆ ಹಚ್ಚು." ಅಣ್ಣ ಸುಟ್ಟ ಬಲ ಅಂಗೈಯನ್ನು ಮತ್ತೆ ನಲ್ಲಿಗೆ ಹಿಡಿದ.

ಗಾಡಿ ಓಡುವಾಗಲೂ ಆ ಬ್ಯಾಟರಿಗಳು ಚಾರ್ಜಾಗುತ್ತವೆ. ಅವರು ಹೊರಟು ಗಾಡಿ ಹತ್ತಿರದ ಮಧುರೆ ಊರಿನ ಕಡೆಗೆ ತಿರುಗುವಾಗ ಅವನಮ್ಮ ಒಂದೊಂದೇ ಕಿಟಕಿ ಎಳೆದು ಮುಚ್ಚುವುದು ಕಂಡಿತು. ಕರ್ಪೂರ ಹಚ್ಚಿದ ಬೆಂಕಿಪೊಟ್ಟಣವನ್ನು ಅವರು ಮಡಿಲಿಗೆ ಸೇರಿಸಿಕೊಂಡೇ ಗಾಡಿ ಹತ್ತಿದ್ದರು. ಅಂದಿನಿಂದ ಅಣ್ಣನ ಫೋನು ಸ್ವಿಚ್ ಆಫ್. ನೀಲಿ ಪರದೆಯ ಬಿಳಿ ಗಾಡಿಯನ್ನು, ಬಲ ಅಂಗೈ ಸುಟ್ಟವನನ್ನು ಎಲ್ಲಾದರೂ ಕಂಡಿದ್ದರೆ ಒಂದು ಸಾಲು ಬರೆಯಿರಿ. ಕಿಟಕಿ ತೆರೆದಿತ್ತೇ ಎಂಬುದನ್ನೂ ತಿಳಿಸಿ.