ಅಂಜಣ್ಣ ಕಟ್ಟಿದ ಪಟ್ಟಿ

ಕುಣಿಗಲ್ ಬಸ್‌ಸ್ಟ್ಯಾಂಡಿನ ಹಿಂದೆ ಸೆಲೂನ್ ಇಟ್ಟುಕೊಂಡು ಊರವರ ಗಡ್ಡವನ್ನೆಲ್ಲ ಬೋಳಿಸುವ ಗಂಗರಾಜು ಈ ಸಲ ತಾನೇ ಗಡ್ಡ ಬಿಟ್ಟಿದ್ದ. ನಮ್ಮ ಹುಡುಗರು ಜಿಲ್ಲಾ ಕಬಡ್ಡಿ ಲೀಗ್ ಗೆಲ್ಲುವವರೆಗೆ ಮುಖಕ್ಕೆ ಕತ್ತಿ ಮುಟ್ಟಿಸುವುದಿಲ್ಲ ಎಂದು ಕಂಡಕಂಡವರ ಮುಂದೆ ಹೇಳಿಕೊಂಡು ತಿರುಗಿದ್ದ. ಶನಿವಾರ ಸಂಜೆ ತುಮಕೂರಿನಲ್ಲಿ ನಡೆದ ಸೆಮಿಫೈನಲ್‌ನಲ್ಲಿ ಕುಣಿಗಲ್ ತಂಡ ಗುಬ್ಬಿಯವರ ಎದುರು ಒಂದೇ ಒಂದು ಪಾಯಿಂಟಿನಿಂದ ಸೋತಿತು. ಭಾನುವಾರ ಬೆಳಿಗ್ಗೆ ಗಡ್ಡ ಹೋಯಿತು. ಅದು ಉದುರುವುದನ್ನು ನೋಡುತ್ತ ಬೆಂಚಿನ ಮೇಲೆ ಕೂತಿದ್ದ ಅಭಿಮಾನಿಗಳ ಮುಖದಲ್ಲಿ ಸೂತಕದ ಕಳೆಯಿತ್ತು.

ಬೆಂಚಿನ ತುದಿಯಲ್ಲಿ ಅಂಜನಮೂರ್ತಿ ಕೂತಿದ್ದರು. ಊರಿಗೆಲ್ಲ ಅವರು ಅಂಜಣ್ಣ. ಕುದುರೆ ಫಾರಂನಲ್ಲಿ ಸೈಸ್ ಆಗಿ ಕುದುರೆಗಳ ಚಾಕರಿ ಮಾಡಿ ನಿವೃತ್ತರಾದವರು. ಮಾತು ಕಡಿಮೆ, ಎಲೆಯಡಿಕೆ ಜಾಸ್ತಿ. ಹುಡುಗನಾಗಿದ್ದಾಗ ಕೆರೆ ಹಿಂದಿನ ಬಯಲಿನಲ್ಲಿ ಮಣ್ಣಿನ ಮೇಲೆ ಕಬಡ್ಡಿ ಆಡಿದ್ದರಂತೆ. ಕೆಲಸ ಸಿಕ್ಕ ಮೇಲೆ ಆಟ ನಿಂತಿತು, ಆಟದ ಹುಚ್ಚು ನಿಲ್ಲಲಿಲ್ಲ. ಅವರ ಹೆಂಡತಿ ಸುಬ್ಬಲಕ್ಷ್ಮಮ್ಮ ಹೇಳುವ ಪ್ರಕಾರ ಆ ಮನುಷ್ಯ ಜೀವನದಲ್ಲಿ ಜೋರಾಗಿ ಕೂಗಾಡಿದ್ದು ಮ್ಯಾಚಿನಲ್ಲಿ ಮಾತ್ರ. ಮನೆಯಲ್ಲಿ ಸಾರಿಗೆ ಉಪ್ಪಿಲ್ಲದಿದ್ದರೂ ಗೊತ್ತಾಗುತ್ತಿರಲಿಲ್ಲ.

ತಂಡದಲ್ಲಿ ಅವರಿಗೊಂದು ಕೆಲಸವೂ ಇತ್ತು. ಯಾರೂ ಕೊಟ್ಟದ್ದಲ್ಲ, ತಾನಾಗಿ ಬಂದದ್ದು. ಕುದುರೆಯ ಕಾಲಿಗೆ ಫ್ಲಾನೆಲ್ ಪಟ್ಟಿ ಸುತ್ತುವುದನ್ನು ಕಲಿತ ಕೈ ಅದು. ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂಬುದು ಆ ಕೈಗೆ ಗೊತ್ತು. ಹುಡುಗರ ಮಂಡಿ, ಹರಡಿಗೆ ಅವರು ಸುತ್ತಿದ ಪಟ್ಟಿ ಆಟ ಮುಗಿಯುವವರೆಗೂ ಜಾರುತ್ತಿರಲಿಲ್ಲ. ಪಟ್ಟಿ ಸುತ್ತುವ ಮೊದಲು ಹಿಂಗೈಯನ್ನು ಕಾಲಿನ ಮೇಲೆ ಮೇಲಿನಿಂದ ಕೆಳಕ್ಕೆ ಒಮ್ಮೆ ಆಡಿಸುವುದು ಅವರ ಪದ್ಧತಿ. ಫಾರಂನಲ್ಲಿ ಪ್ರತಿ ಬೆಳಿಗ್ಗೆ ಪ್ರತಿ ಕುದುರೆಗೂ ಹಾಗೆ ಮಾಡುತ್ತಿದ್ದರು. ಕಾಲು ತಣ್ಣಗಿದ್ದರೆ ಓಟಕ್ಕೆ ಬಿಡಬಹುದು. ಎಲ್ಲಾದರೂ ಬಿಸಿ ಸಿಕ್ಕರೆ ಒಳಗೆ ಏನೋ ಕೆಟ್ಟಿದೆ ಎಂದು ಅರ್ಥ. ಆ ಕುದುರೆ ಅವತ್ತು ಲಾಯ ಬಿಟ್ಟು ಹೊರಗೆ ಬರಬಾರದು.

ಒಂದು ಸಲ ದೊಡ್ಡ ಗಿರಾಕಿಗಳು ಬಂದಿದ್ದರು. ಎರಡು ವರ್ಷದ ಹೆಣ್ಣು ಮರಿಯೊಂದನ್ನು ಓಡಿಸಿ ತೋರಿಸು ಎಂದು ಸಾಹೇಬರ ಅಪ್ಪಣೆ. ಅಂಜಣ್ಣ ಲಾಯದ ಬಾಗಿಲಿಗೆ ಅಡ್ಡ ನಿಂತು, ಕಾಲು ಬಿಸಿ ಇದೆ, ಬಿಡೋದಿಲ್ಲ ಸಾರ್, ಬೇಕಾದರೆ ನನ್ನ ಕೆಲಸ ತೆಗೀರಿ ಎಂದಿದ್ದರು. ಕೆಲಸ ಉಳಿಯಿತು, ಮರಿಯೂ ಉಳಿಯಿತು. ಈ ಕತೆ ಗಂಗರಾಜುವಿನ ಸೆಲೂನಿನಲ್ಲಿ ಎಷ್ಟು ಸಲ ಹೇಳಿ ಹಳತಾಗಿತ್ತೆಂದರೆ, ಅಂಜಣ್ಣನನ್ನು ಬಿಟ್ಟು ಮಿಕ್ಕವರೆಲ್ಲ ಅದನ್ನು ತಾವೇ ಕಣ್ಣಾರೆ ಕಂಡವರಂತೆ ಹೇಳುತ್ತಿದ್ದರು.

ಆ ಭಾನುವಾರ ಮಾತೆಲ್ಲ ಸಿದ್ದಾರ್ಥನ ಮೇಲೆ. ಹುತ್ರಿದುರ್ಗದ ಬೆಟ್ಟದ ಬುಡದ ಹುಡುಗ. ಕುಣಿಗಲ್ಲಿನಲ್ಲಿ ಮನೆಮನೆಗೆ ಗ್ಯಾಸ್ ಸಿಲಿಂಡರ್ ಹೊರುವ ಕೆಲಸ. ಸೀಸನ್ ಶುರುವಿನಲ್ಲಿ ತಂಡ ಸೋಲಿನ ಮೇಲೆ ಸೋಲು ತಿಂದು ಮಾನ ಕಳೆದುಕೊಂಡಿದ್ದಾಗ ಕೋಚ್ ಅವನನ್ನು ಕರೆತಂದರು. ಆಮೇಲೆ ನಡೆದದ್ದೇ ಬೇರೆ. ತಿಪಟೂರಿನವರಿಗೆ ಅವರ ಊರಲ್ಲೇ ಮಣ್ಣು ಮುಕ್ಕಿಸಿದರು. ಶಿರಾದವರ ಮೇಲೆ ಒಂದೇ ರೈಡಿನಲ್ಲಿ ಮೂವರನ್ನು ಮುಟ್ಟಿ ಬಂದ ಸಿದ್ದಾರ್ಥನನ್ನು ಗಂಗರಾಜು ಹೆಗಲ ಮೇಲೆ ಹೊತ್ತು ಕುಣಿದಿದ್ದ. ಬಸ್‌ಸ್ಟ್ಯಾಂಡಿನ ಎದುರು ಅವನ ಆಳೆತ್ತರದ ಫ್ಲೆಕ್ಸ್ ಎದ್ದಿತು. ಸ್ಪೋರ್ಟ್ಸ್ ಕೋಟಾದಲ್ಲಿ ಪೊಲೀಸ್ ಕೆಲಸ ಆಗಿಯೇ ಹೋಯಿತು, ಇನ್ನೇನು ಆಯ್ಕೆಗೆ ಹೋಗಿ ನಿಂತರೆ ಸಾಕು ಎಂದು ಎಲ್ಲರೂ ಮಾತಾಡಿಕೊಂಡರು.

ಹುಡುಗ ಸಂಕೋಚದವನು. ಕೋಚಿಗೆ ಸಾರ್, ಅಂಪೈರಿಗೆ ಸಾರ್, ಹೆಗಲ ಮೇಲೆ ಹೊತ್ತ ಗಂಗರಾಜುವಿಗೂ ಸಾರ್. ಅಂಜನಮೂರ್ತಿಯನ್ನು ಮಾತ್ರ ಅಂಜಣ್ಣ ಎಂದು ಏಕವಚನದಲ್ಲಿ, ಮನೆಯವರನ್ನು ಕರೆದ ಹಾಗೆ ಕರೆಯುತ್ತಿದ್ದ. ಮಕ್ಕಳಿಲ್ಲದ ಅಂಜಣ್ಣನಿಗೆ ಅದು ಎಷ್ಟು ಹಿತವಾಗಿತ್ತೆಂದು ಬೇರೆ ಹೇಳಬೇಕಿಲ್ಲ.

ಶನಿವಾರದ ಕೊನೆಯ ರೈಡ್ ಅವನದೇ. ಕುಣಿಗಲ್ ಒಂದು ಪಾಯಿಂಟು ಹಿಂದೆ. ಒಬ್ಬನನ್ನು ಮುಟ್ಟಿ ಬಂದರೂ ಪಂದ್ಯ ಸಮವಾಗುತ್ತಿತ್ತು. ಸಿದ್ದಾರ್ಥ ಮೊದಲ ಗೆರೆಯನ್ನಷ್ಟೇ ದಾಟಿದ, ನಿಂತ, ಯಾರ ಮೇಲೂ ಹೋಗದೆ ವಾಪಸು ಬಂದ. ಸೀಟಿ ಮೊಳಗಿತು. ಗುಬ್ಬಿಯವರ ತಮಟೆ ಶುರುವಾಯಿತು. ಅವನು ತಲೆ ತಗ್ಗಿಸಿ ಮ್ಯಾಟಿನಿಂದ ನಡೆದುಕೊಂಡೇ ಆಚೆ ಹೋದ. ತಂಡದ ಬಸ್ಸು ಹತ್ತಲಿಲ್ಲ. ಅಕ್ಕನನ್ನು ಗುಬ್ಬಿಗೆ ಕೊಟ್ಟಿದ್ದರು. ಭಾವ ಬೈಕಿನಲ್ಲಿ ಕೂರಿಸಿಕೊಂಡು ಹೋದದ್ದನ್ನು ನಾಲ್ಕಾರು ಜನ ನೋಡಿದ್ದರು.

ಇಷ್ಟು ಸಾಕಲ್ಲವೇ? ವಾಪಸು ದಾರಿಯಲ್ಲಿ ಹೆಬ್ಬೂರು ದಾಟುವುದರೊಳಗೆ ಬಸ್ಸಿನಲ್ಲಿ ತೀರ್ಪು ಆಗಿಹೋಗಿತ್ತು. ಭಾವನ ಊರಿಗೆ ಮ್ಯಾಚ್ ಬಿಟ್ಟುಕೊಟ್ಟ. ಭಾನುವಾರ ಬೆಳಿಗ್ಗೆ ಹೊತ್ತಿಗೆ ಫ್ಲೆಕ್ಸಿನಲ್ಲಿದ್ದ ಅವನ ಮುಖಕ್ಕೆ ಯಾರೋ ಸಗಣಿ ಬಳಿದಿದ್ದರು. ನಿವೃತ್ತ ಮೇಷ್ಟ್ರು ರಾಮಾಂಜಿನಯ್ಯನವರು, ಸೀಸನ್ ಪೂರ್ತಿ ಅವನನ್ನು ಕುಣಿಗಲ್ಲಿನ ಕಣ್ಮಣಿ ಎನ್ನುತ್ತಿದ್ದವರು, ರಕ್ತ ಸಂಬಂಧದ ಮುಂದೆ ಊರ ಅಭಿಮಾನ ನಿಲ್ಲುವುದಿಲ್ಲ ಎಂದು ಭಾಷಣದ ಧಾಟಿಯಲ್ಲಿ ಹೇಳಿದರು. ಗಂಗರಾಜು ಅದಕ್ಕಿಂತ ಕಡಿಮೆ ಮಾತಿನಲ್ಲಿ, ಇಲ್ಲಿ ಬರೆಯಲಾಗದ ಹಾಗೆ ಹೇಳಿದ. ಅಂಜಣ್ಣ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿ ನೆಲ ನೋಡುತ್ತಿದ್ದರು. ಸೋಲಿನ ದುಃಖ ಎಂದು ಎಲ್ಲರೂ ತಿಳಿದರು.

ಅವರಿಗೆ ಗೊತ್ತಿದ್ದದ್ದು ಆ ಬೆಂಚಿನ ಮೇಲಿದ್ದ ಬೇರೆ ಯಾರಿಗೂ ಗೊತ್ತಿರಲಿಲ್ಲ. ಆಟಕ್ಕೆ ಮೊದಲು ಸಿದ್ದಾರ್ಥ ಅವರನ್ನು ಬಸ್ಸಿನ ಮರೆಗೆ ಕರೆದು ಪ್ಯಾಂಟು ಮೇಲೆತ್ತಿದ್ದ. ಬಲಮಂಡಿ ಸ್ವಲ್ಪ ಊದಿತ್ತು. ಬೆಳಿಗ್ಗೆ ಸಿಲಿಂಡರ್ ಇಳಿಸುವಾಗ ಉಳುಕಿತ್ತಂತೆ.

"ನೋಡಣ್ಣ, ಒಂಥರಾ ಆಗ್ತೈತೆ. ಆಡ್ಲಾ, ಬ್ಯಾಡ್ವಾ? ನೀನು ಬ್ಯಾಡ ಅಂದ್ರೆ ಕೋಚ್ ಸಾರ್‌ಗೆ ಹೇಳ್ಬುಡ್ತೀನಿ."

ಅಂಜಣ್ಣ ಹಿಂಗೈ ಆಡಿಸಿದರು. ಮಂಡಿಯ ಒಳಬದಿಯಲ್ಲಿ ಕೈ ನಿಂತಿತು. ಬಿಸಿ. ಒಲೆಯಿಂದ ಇಳಿಸಿದ ಪಾತ್ರೆ ಮುಟ್ಟಿದ ಹಾಗೆ. ಕುದುರೆಯಾಗಿದ್ದರೆ ಎರಡನೆಯ ಮಾತಿರಲಿಲ್ಲ. ಮೈದಾನದ ಕಡೆಯಿಂದ ಗುಬ್ಬಿಯವರ ತಮಟೆ ಕೇಳುತ್ತಿತ್ತು. ಎಷ್ಟು ವರ್ಷದಿಂದ ಆ ಸದ್ದಿನ ಎದುರು ಸೋತು ಬಸ್ಸು ಹತ್ತಿದ್ದರು. ಅವರು ಆಡುತ್ತಿದ್ದ ಕಾಲದಲ್ಲೂ ಇದೇ ಗುಬ್ಬಿ, ಇದೇ ಸೋಲು. ಇವನಿಲ್ಲದಿದ್ದರೆ ಗೆಲುವಿನ ಮಾತೇ ಇರಲಿಲ್ಲ. ಗೆದ್ದರೆ ಹುಡುಗನಿಗೂ ಒಳ್ಳೆಯದು, ಆಯ್ಕೆಯವರ ಕಣ್ಣಿಗೆ ಬೀಳುತ್ತಾನೆ ಎಂದು ತಮಗೆ ತಾವೇ ಹೇಳಿಕೊಂಡರು. ಅದು ನೆಪ. ಅವರಿಗೆ ಬೇಕಿದ್ದದ್ದು ಗೆಲುವು.

"ಏನಿಲ್ಲ ಕಣೋ, ಬಿಗಿಯಾಗಿ ಕಟ್ತೀನಿ. ಆಡು," ಎಂದರು.

ಕಟ್ಟಿದರು. ಪಟ್ಟಿ ಎಂದಿನಂತೆ ಒಂದಿಷ್ಟೂ ಜಾರಲಿಲ್ಲ.

ನಾಲ್ಕು ದಿನ ಒದ್ದಾಡಿ, ಐದನೆಯ ದಿನ ಅಂಜಣ್ಣ ಹುತ್ರಿದುರ್ಗದ ಬಸ್ಸು ಹತ್ತಿದರು. ಹುಡುಗ ಗುಬ್ಬಿಯಿಂದ ಬಂದಿದ್ದ. ಪಡಸಾಲೆಯಲ್ಲಿ ಕಾಲು ಚಾಚಿಕೊಂಡು ಕೂತಿದ್ದ. ತೊಡೆಯಿಂದ ಹರಡಿನವರೆಗೆ ಪಟ್ಟಿ, ಪಕ್ಕದಲ್ಲಿ ಊರುಗೋಲು. ಅವನ ತಾಯಿ ಚಿಕ್ಕಮಾರಮ್ಮ ರಾಗಿ ಕೇರುತ್ತಿದ್ದವರು ಎದ್ದು ಬಂದು ಚಾಪೆ ಹಾಸಿದರು. ಮಂಡಿಯೊಳಗಿನ ನರ ಹರಿದಿದೆಯಂತೆ, ಆಪರೇಷನ್ ಆಗಬೇಕಂತೆ, ನಡೆದಾಡಬಹುದು, ಕಬಡ್ಡಿ ಮರೆತುಬಿಡಿ ಎಂದರಂತೆ ತುಮಕೂರಿನ ಡಾಕ್ಟರು. ಪೊಲೀಸ್ ಆಯ್ಕೆಯ ಕಾಗದ ಬಂದು ಗೂಡಿನಲ್ಲಿ ಬಿದ್ದಿತ್ತು. ಸಿಲಿಂಡರ್ ಕೆಲಸಕ್ಕೆ ಬೇರೆಯವನನ್ನು ಇಟ್ಟುಕೊಂಡರಂತೆ. ಇಷ್ಟೆಲ್ಲ ಹೇಳಿ ಆ ತಾಯಿ, ನೀವು ಕಟ್ಟಿಕೊಟ್ಟಿದ್ದಕ್ಕೆ ಕೊನೇವರೆಗಾದರೂ ಆಡಿದನಲ್ಲ ಅಣ್ಣ ಎಂದು ಕೈಮುಗಿದರು. ಅಂಜಣ್ಣನಿಗೆ ಅಲ್ಲಿಂದ ಎದ್ದು ಓಡಿಬಿಡುವ ಹಾಗಾಯಿತು.

ತಾಯಿ ಕಾಫಿ ಮಾಡಲು ಒಳಗೆ ಹೋದಾಗ ಅಂಜಣ್ಣ ಮೆಲ್ಲಗೆ ಕೇಳಿದರು. ಊರಲ್ಲಿ ಏನೇನು ಅಂತಾರೆ ಗೊತ್ತಾ, ಮಂಡಿ ವಿಷಯ ಯಾಕೆ ಯಾರಿಗೂ ಹೇಳಲಿಲ್ಲ?

"ಹೇಳಿದ್ರೆ, ಯಾರು ಕಟ್ಟಿದ್ದು ಅಂತ ಕೇಳ್ತಾರಣ್ಣ. ನಿನ್ನ ಹೆಸರು ಬತ್ತದೆ," ಎಂದ ಸಿದ್ದಾರ್ಥ. "ನೀನು ಕುದುರೆ ಕಾಲು ನೋಡ್ದೋನು. ಮನುಷ್ಯನ ಮಂಡಿ ನಿಂಗೇನು ಗೊತ್ತಾಯ್ತದೆ? ಬುಡು."

ಅಂಜಣ್ಣ ಅವನ ಕಾಲಿನ ಪಟ್ಟಿಯನ್ನೇ ನೋಡಿದರು. ಕಾಫಿ ಬಂತು, ಕುಡಿದರು. ತಣ್ಣಗಾದ ಮೇಲೆ ಕುಡಿದರು.

ಬಸ್ಸಿನಲ್ಲಿ ಬರುವಾಗ ಒಂದು ನಿಶ್ಚಯ ಮಾಡಿದರು. ಹುಡುಗನ ಕಾಲು ವಾಪಸು ಕೊಡಲು ಆಗದು. ಅವನ ಮಾನವನ್ನಾದರೂ ಕೊಡಬಹುದು. ಬಸ್‌ಸ್ಟ್ಯಾಂಡಿನಲ್ಲಿ ಇಳಿದವರು ಮನೆಗೆ ಹೋಗದೆ ನೇರ ಸೆಲೂನಿಗೆ ಬಂದರು. ಗಂಗರಾಜು ಯಾರಿಗೋ ಕ್ರಾಪು ಮಾಡುತ್ತಿದ್ದ, ಮೇಷ್ಟ್ರು ಪೇಪರು ಓದುತ್ತಿದ್ದರು, ಬೆಂಚು ತುಂಬಿತ್ತು. ಅಂಜಣ್ಣ ಕೂರಲಿಲ್ಲ.

"ಸಿದ್ದಾರ್ಥ ಮ್ಯಾಚ್ ಬಿಟ್ಕೊಟ್ಟಿಲ್ಲ. ಅವನ ಮಂಡಿ ಹೋಗಿತ್ತು. ಕಟ್ಟೋ ಮೊದ್ಲೇ ಬಿಸಿ ಸಿಕ್ತು ನಂಗೆ. ಆಡ್ಲಾ ಬ್ಯಾಡ್ವಾ ಅಂತ ನನ್ನೇ ಕೇಳ್ದ. ನಾನೇ ಆಡು ಅಂದೆ."

ಕತ್ತರಿ ನಿಂತಿತು. ಯಾರಾದರೂ ಬೈಯಲಿ, ಕೊರಳಪಟ್ಟಿ ಹಿಡಿಯಲಿ, ಇನ್ನು ಈ ಬೆಂಚಿಗೆ ಬರಬೇಡ ಎನ್ನಲಿ ಎಂದು ಅಂಜಣ್ಣ ಕಾದರು. ಮೇಷ್ಟ್ರು ಪೇಪರು ಮಡಿಸಿಟ್ಟು ಎದ್ದು ಬಂದು ಅವರ ಭುಜ ಹಿಡಿದರು. ಮೇಷ್ಟ್ರ ಕಣ್ಣು ತುಂಬಿತ್ತು.

ಮೇಷ್ಟ್ರು ಹೇಳಿದ್ದಿಷ್ಟು. ಈ ಕೈಗೆ ಬಿಸಿ ಸಿಕ್ಕಿದ್ದರೆ ಈ ಮನುಷ್ಯ ಬಿಡುತ್ತಿದ್ದರೇ? ಸಾಹೇಬರ ಎದುರಿಗೇ ಲಾಯಕ್ಕೆ ಅಡ್ಡ ನಿಂತವರು, ಮೂಕಪ್ರಾಣಿಗೇ ಅಷ್ಟು ಮರುಗಿದವರು, ಮಗನಂತಿದ್ದ ಹುಡುಗನಿಗೆ ಕೇಡು ಮಾಡುತ್ತಿದ್ದರೇ? ಹುಡುಗ ತಪ್ಪು ಮಾಡಿದ, ಅದನ್ನು ಇವರು ತಮ್ಮ ತಲೆ ಮೇಲೆ ಹೊತ್ತುಕೊಳ್ಳುತ್ತಿದ್ದಾರೆ. ಬೆಂಚೆಲ್ಲ ತಲೆದೂಗಿತು. ಮಂಡಿ ಹರಿದಿದೆ, ಆಪರೇಷನ್ ಅಂತೆ ಎಂದು ಅಂಜಣ್ಣ ಅಂದರು. ಗುಬ್ಬಿಗೆ ಹೋಗಿ ಕುಡಿದು ಎಲ್ಲಿ ಬಿದ್ದನೋ ಎಂದು ಒಬ್ಬ ಅಂದ. ಅಂಜಣ್ಣ ಮತ್ತೆ ಹೇಳಿದರು, ದನಿ ಏರಿಸಿ ಹೇಳಿದರು, ದೇವರಾಣೆ ಇಟ್ಟು ಹೇಳಿದರು. ಹೇಳಿದಷ್ಟೂ ಅವರು ದೊಡ್ಡವರಾಗುತ್ತ ಹೋದರು.

"ಇಂಥಾ ಮನುಷ್ಯನ ಕಾಲ್ಧೂಳಿಗೂ ಸಮ ಇಲ್ಲ ಆ ನನ್ಮಗ," ಎಂದು ಗಂಗರಾಜು ಟೀ ತರಿಸಿದ. ಸತ್ಯವನ್ನು ನಂಬಿಸಲು ಒಂದು ಹಳೆಯ ಒಳ್ಳೆಯ ಹೆಸರೇ ಅಡ್ಡ ಬರುತ್ತದೆ ಎಂದು ಯಾರು ತಾನೇ ಎಣಿಸಿಯಾರು? ಅಂಜಣ್ಣ ಟೀ ಮುಟ್ಟದೆ ಮನೆಗೆ ನಡೆದರು. ದಾರಿಯಲ್ಲಿ ಸಗಣಿ ಒಣಗಿದ್ದ ಫ್ಲೆಕ್ಸ್ ಹಾಗೇ ನಿಂತಿತ್ತು.

ಮರುದಿನ ಬೆಳಿಗ್ಗೆ ಸಿದ್ದಾರ್ಥನ ಫೋನು ಬಂತು. ಮೇಷ್ಟ್ರು ಅವನಿಗೇ ಫೋನು ಮಾಡಿ, ನಿನ್ನ ಮಾನ ಉಳಿಸಲು ಆ ಪುಣ್ಯಾತ್ಮ ಸುಳ್ಳು ಹೇಳಿದರು, ಆ ಉಪಕಾರವನ್ನಾದರೂ ನೆನೆದುಕೋ ಎಂದು ಬುದ್ಧಿ ಹೇಳಿದ್ದರಂತೆ.

"ಯಾಕಣ್ಣ ಹಂಗೆಲ್ಲ ಹೇಳಕ್ಕೋದೆ? ನನ್ನ ಸಲುವಾಗಿ ನೀನ್ಯಾಕೆ ಕೆಟ್ಟೋನಾಗ್ತೀಯ?"

ಅವನ ದನಿಯಲ್ಲಿ ಅಳುವಿತ್ತು, ಪ್ರೀತಿಯಿತ್ತು. ಅಂಜಣ್ಣ ಅಂಗಳದ ಕಲ್ಲಿನ ಮೇಲೆ ಕೂತರು. ಬುಡಪ್ಪ ಎಂದು ಒಂದು ಮಾತು ಅಂದರೆ ಮುಗಿಯುತ್ತಿತ್ತು. ಊರು ಅವರನ್ನು ಒಳ್ಳೆಯವರೆನ್ನುತ್ತಿತ್ತು. ಈ ಹುಡುಗನೂ ಅಣ್ಣ ಎನ್ನುತ್ತಿದ್ದ, ಸಾಯುವವರೆಗೂ ಎನ್ನುತ್ತಿದ್ದ. ಆ ಸಲಿಗೆಯನ್ನು ಉಳಿಸಿಕೊಳ್ಳುವ ಆಸೆ ಅವರಿಗೆ ಬಲವಾಗಿತ್ತು. ಆದರೆ ಹೇಳಿದ್ದನ್ನು ನಂಬುವವನು ಇನ್ನು ಇವನೊಬ್ಬನೇ.

"ಸುಳ್ಳಲ್ಲ ಕಣಪ್ಪ," ಎಂದರು. "ಅವತ್ತು ನಿನ್ನ ಮಂಡಿ ಬಿಸಿ ಇತ್ತು. ಕೈ ಇಟ್ಟ ತಕ್ಷಣ ಗೊತ್ತಾಯ್ತು ನಂಗೆ. ಗೊತ್ತಿದ್ದೇ ಆಡು ಅಂದೆ."

ಆ ಕಡೆ ಫೋನು ಕಟ್ಟಾಗಿರಲಿಲ್ಲ, ಕೋಳಿ ಕೂಗುವುದು ಕೇಳಿತು, ಚಿಕ್ಕಮಾರಮ್ಮ ಯಾರನ್ನೋ ಕರೆಯುವುದು ಕೇಳಿತು, ಊರುಗೋಲು ನೆಲಕ್ಕೆ ತಗುಲಿದ್ದು ಕೇಳಿತು. ಅಂಜಣ್ಣ ಕಾದರು.

"ಸರಿ ಸಾರ್," ಎಂದ ಸಿದ್ದಾರ್ಥ. "ಇಡ್ತೀನಿ."