ಅರ್ಧ ಪುಟದ ಹೊಟ್ಟೆಕಿಚ್ಚು

ಮೂರು ವರ್ಷದ ಹಿಂದಿನ ಮಾತು. ಆಗ ನಾನು ನಾಲ್ಕು ಕಾದಂಬರಿ ಬರೆದು, ಎರಡು ಸಿನಿಮಾ ನಿರ್ದೇಶಿಸಿ, ಚಿತ್ರದುರ್ಗದ ಕಡೆ ಅಷ್ಟಿಷ್ಟು ಹೆಸರು ಮಾಡಿದ್ದೆ. ಮೂರನೆಯ ಸಿನಿಮಾಕ್ಕೆ ನನ್ನದೇ ಕಾದಂಬರಿ ಹಿಡಿದು ಹೋದರೆ, ನಿರ್ಮಾಪಕರು ಅದನ್ನು ಬದಿಗಿಟ್ಟು ಹೊಸದುರ್ಗದ ಗಿರಿಜಕ್ಕನ ಕಾದಂಬರಿಯನ್ನು ಕೈಗಿತ್ತರು. ಗಿರಿಜಕ್ಕ ನಿವೃತ್ತ ಶಿಕ್ಷಕಿ. ಅದು ಅವರ ಮೊದಲ ಪುಸ್ತಕ. ತಪ್ಪು ಹುಡುಕಲೆಂದೇ ಓದಲು ಕುಳಿತೆ.

ಕೊನೆಯ ಅರ್ಧ ಪುಟದಲ್ಲಿ ಸೋತೆ. ಮಾತು ಬಿಟ್ಟ ಅಣ್ಣತಮ್ಮಂದಿರು. ಕೆರೆ ಏರಿಯ ಮೇಲೆ ಅಣ್ಣನ ಬೈಕು ಪೆಟ್ರೋಲಿಲ್ಲದೆ ನಿಲ್ಲುತ್ತದೆ. ಹಿಂದೆ ಬಂದ ತಮ್ಮ ತನ್ನ ಬೈಕಿನ ಟ್ಯಾಂಕಿಗೆ ಪೈಪು ಇಳಿಬಿಟ್ಟು ಬಾಯಿಂದ ಎಳೆಯುತ್ತಾನೆ. ಪೆಟ್ರೋಲು ಬಾಯಿಗೇ ನುಗ್ಗುತ್ತದೆ. ಉಗುಳುತ್ತಿರುವವನ ಕಡೆ ಅಣ್ಣ ನೀರಿನ ಬಾಟಲಿ ಚಾಚಿ, ‘ಬಾಯಿ ಮುಕ್ಕಳಿಸ್ಕ’ ಎನ್ನುತ್ತಾನೆ. ಅಷ್ಟೇ. ಇದು ನನಗೇಕೆ ಹೊಳೆಯಲಿಲ್ಲ ಎಂದು ಹೊಟ್ಟೆ ಉರಿಯಿತು.

ಆ ಉರಿಯಲ್ಲೇ ಚಿತ್ರಕಥೆ ಬರೆದೆ. ‘ಬಾಯಿ ಮುಕ್ಕಳಿಸ್ಕ’ ಆದಮೇಲೆ ಅಣ್ಣನ ಬಾಯಿಗೆ ಒಂದೂವರೆ ನಿಮಿಷದ ಮಾತು ಸೇರಿಸಿದೆ: ಬಾಲ್ಯ, ಅವ್ವ, ಒಂದೇ ತಟ್ಟೆಯ ಊಟ, ಎಲ್ಲ. ಭರಮಸಾಗರದ ಕೆರೆ ಏರಿಯ ಮೇಲೆ ಶೂಟಿಂಗ್. ಗಿರಿಜಕ್ಕನೂ ಬಂದು, ಮಾನಿಟರ್ ಮುಂದೆ ನನ್ನ ಪಕ್ಕದಲ್ಲೇ ಕುಳಿತರು. ನಾನು ಜಗಳಕ್ಕೆ ಸಿದ್ಧನಾಗಿದ್ದೆ. ನಟ ಮಾತು ಮುಗಿಸಿದ. ನಾನು ‘ಕಟ್’ ಹೇಳುವ ಮೊದಲೇ ಅವರು ಕಣ್ಣೊರೆಸಿಕೊಂಡರು.

‘ಇಂಥ ಮಾತು ನಂಗೆ ಹೊಳೀಲೇ ಇಲ್ವಲ್ಲಪ್ಪ. ಹೊಟ್ಟೆಕಿಚ್ಚಾಗ್ತೈತೆ ನೋಡು.’

ನಾನು ಉಬ್ಬಿಹೋದೆ. ನಮ್ಮ ತಂಡ ಉಳಿದಿದ್ದ ಹೊಳಲ್ಕೆರೆ ತಲುಪುವವರೆಗೂ ಕಾರಿನಲ್ಲಿ ಒಬ್ಬನೇ ನಗುತ್ತಿದ್ದೆ.

ಎಡಿಟಿಂಗ್‌ಗೆ ಕುಳಿತಾಗ ನಗು ಇಳಿಯಿತು. ಅಣ್ಣ ಬಾಟಲಿ ಚಾಚುವವರೆಗೆ ದೃಶ್ಯಕ್ಕೆ ಜೀವವಿತ್ತು. ಅಣ್ಣ ಭಾಷಣ ಶುರುಮಾಡಿದೊಡನೆ ನಾನೇ ಆಕಳಿಸಿದೆ. ಬೇರೆ ದೃಶ್ಯಗಳ ನೆಪ ಹೇಳಿ ಕೆಲವು ದಿನ ತಳ್ಳಿದೆ. ಆ ಮಾತು ತೆಗೆದರೆ ಸಿನಿಮಾ ಉಳಿಯುತ್ತಿತ್ತು. ಆದರೆ ಗಿರಿಜಕ್ಕನ ಮುಂದೆ ನಾನು ಗೆದ್ದದ್ದು ಅದೊಂದು ಜಾಗದಲ್ಲೇ. ಕೊನೆಗೆ ಎಡಿಟರ್‌ಗೆ ತೆಗೆದುಬಿಡಿ ಎಂದು ಹೇಳಿ, ಎದ್ದು ಹೊರಗೆ ಹೋದೆ.

ಚಿತ್ರದುರ್ಗದಲ್ಲಿ ಮೊದಲ ಪ್ರದರ್ಶನ. ‘ಬಾಯಿ ಮುಕ್ಕಳಿಸ್ಕ’ ಎಂದಾಗ ಥಿಯೇಟರಿನಲ್ಲಿ ಯಾರೂ ಮಿಸುಕಲಿಲ್ಲ. ಗಿರಿಜಕ್ಕ ನನ್ನ ಕಡೆ ಬಾಗಿದರು.

‘ನಿನ್ ಮಾತೆಲ್ಲ ಎಲ್ಲೋದ್ವಪ್ಪ?’

‘ತೆಗೆಸ್ದೆ ಅಕ್ಕ. ನಿಮ್ದೇ ಸಾಕಾತು.’

ಅವರು ನೆಮ್ಮದಿಯಿಂದ ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

ನನ್ನೊಳಗಿನ ಕಾದಂಬರಿಕಾರನನ್ನು ಶೂಟಿಂಗ್‌ಗೆ ಕರೆದೊಯ್ಯಬಹುದು, ಎಡಿಟಿಂಗ್ ರೂಮಿಗೆ ಮಾತ್ರ ಬಿಟ್ಟುಕೊಳ್ಳಬಾರದು. ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ತೆಗೆದ ತುಣುಕು ಈಗಲೂ ನನ್ನ ಹಾರ್ಡ್ ಡಿಸ್ಕಿನಲ್ಲಿದೆ. ‘ಕಟ್’ ಹೇಳುವುದು ತಡವಾದದ್ದರಿಂದ ಗಿರಿಜಕ್ಕನ ಆ ಹೊಟ್ಟೆಕಿಚ್ಚಿನ ಮಾತೂ ಅದರಲ್ಲಿ ಸೇರಿಕೊಂಡಿದೆ. ಅವರ ಹೊಸ ಕಾದಂಬರಿ ಬಂದಾಗಲೆಲ್ಲ, ನನ್ನ ಒಂದೂವರೆ ನಿಮಿಷ ದಾಟಿಸಿ, ಅದಷ್ಟನ್ನೇ ಹಾಕಿಕೊಂಡು ಕೇಳುತ್ತೇನೆ.