ಹಪ್ಪಳ ಕಾಯುವ ರಾಡಾರಿಗೆ ತಾಳ ಕಲಿಸಿದ್ದು

ಶಿರಸಿ ಪೇಟೆಯ ಚಿಕ್ಕಿಯ, ಅಂದರೆ ಚಿಕ್ಕಮ್ಮನ, ಮನೆಯಲ್ಲಿ ನಾನು ಕಟ್ಟಿದ ರಾಡಾರಿಗೆ ಒಂದೇ ಕೆಲಸ. ತಾರಸಿಯಲ್ಲಿ ಒಣಗುವ ಹಲಸಿನ ಹಪ್ಪಳದ ಹತ್ತಿರ ಮಂಗ ಬಂದರೆ ಕೆಂಪು ದೀಪ ಹೊತ್ತಿಸುವುದು. ವಿಡಿಯೋ ನೋಡಿ ಕಲಿತು, ಅಗ್ಗದ ಬೋರ್ಡಿನಲ್ಲಿ ಮಾಡಿದ್ದು. ದೀಪ ಹೊತ್ತಿದಾಗಲೆಲ್ಲ ಚಿಕ್ಕಿ ಕೋಲು ಹಿಡಿದು ಓಡುತ್ತಿದ್ದಳು, ನಾನು ಖುಷಿಯಲ್ಲಿ ಹಿಂದೆ ಹಿಂದೆ.

ಆ ಬೇಸಿಗೆಯಲ್ಲೇ ಚಿಕ್ಕಿಗೆ ತಾಳಮದ್ದಲೆಯಲ್ಲಿ ಮೊದಲ ಸಲ ದೊಡ್ಡ ಪಾತ್ರ ಸಿಕ್ಕಿತ್ತು. ವೇಷವಿಲ್ಲ, ಕುಣಿತವಿಲ್ಲ, ಪದ್ಯ ಮುಗಿದ ಮೇಲೆ ಕೂತಲ್ಲೇ ಮಾತು ಕಟ್ಟಬೇಕು. ಆ ಮಾತಿಗೇ ಅರ್ಥ ಎನ್ನುವುದು. ತಂಡ ನಡೆಸುವ, ಪದ್ಯ ಹಾಡುವ ಅಕ್ಕ ಯಲ್ಲಾಪುರದಲ್ಲಿ, ಎದುರು ಪಾತ್ರದವರು ಸಿದ್ದಾಪುರದಲ್ಲಿ. ಹಾಗಾಗಿ ಅಭ್ಯಾಸವೆಲ್ಲ ವಿಡಿಯೋ ಕಾಲಿನಲ್ಲಿ.

ಒಂದು ಸಂಜೆ ಒಳಗಿಂದ ಚಿಕ್ಕಿಯ ಕೂಗು ಕೇಳಿತು. "ಕೂಸೇ, ಎಂತ ಮಾಡಿದ್ಯೇ? ಅಕ್ಕ ಬಾಯಿ ತೆಕ್ಕಂಡು ಹಾಂಗೇ ನಿಂತೋತು ನೋಡು!"

ತಪ್ಪು ನನ್ನ ರಾಡಾರಿನದೇ. ಸೀಟಿ ಹೊಡೆಯುತ್ತ ಸ್ವರವನ್ನು ಕೆಳಗಿಂದ ಮೇಲಕ್ಕೆ ಎಳೆಯುತ್ತೇವಲ್ಲ, ಅದು ರೇಡಿಯೋ ಅಲೆಯನ್ನು ಹಾಗೆ ಎಳೆಯುತ್ತದೆ. ತಿರುಗಿ ಬಂದ ಮರುದನಿಯಿಂದ ಮಂಗ ಎಷ್ಟು ದೂರದಲ್ಲಿದೆ ಎಂದು ತಿಳಿಯುತ್ತದೆ. ಆದರೆ ಆ ಸ್ವರದ ದಾರಿಯ ನಡುವೆಯೇ ನಮ್ಮ ವೈಫೈ ಕೂತಿತ್ತು. ರಾಡಾರ್ ಹಾಡಿದಾಗಲೆಲ್ಲ ಅಕ್ಕ ಫೋನಿನ ಪರದೆಯಲ್ಲಿ ಕಲ್ಲಾಗುತ್ತಿದ್ದಳು.

ಕಾಲ್ ಮತ್ತೆ ಸಿಕ್ಕಾಗ ಅಕ್ಕ ಬೇಸರದಲ್ಲೇ ಹೇಳಿದಳು. "ತಂಗೀ, ನಾಡಿದ್ದೂ ಹೀಂಗೇ ಆದ್ರೆ ಪಾತ್ರ ಬೇರೆಯವಕ್ಕೆ ಕೊಡ್ತೆ. ಬೇಜಾರ ಮಾಡ್ಕ್ಯಳಡ."

ಚಿಕ್ಕಿ ಫೋನಿಟ್ಟು ತಾರಸಿಗೆ ಹೋಗಿ ಹಪ್ಪಳವನ್ನೆಲ್ಲ ಒಳಗೆ ತಂದಿಟ್ಟಳು.

ಮರುದಿನ ವೈಫೈ ಇರುವಷ್ಟು ಜಾಗವನ್ನು ಸ್ವರದಿಂದ ಕತ್ತರಿಸಿ ಬಿಟ್ಟೆ. ಕಾಲ್ ಸರಿಯಾಯಿತು, ರಾಡಾರಿಗೆ ಭ್ರಮೆ ಶುರುವಾಯಿತು! ಸ್ವರ ನಡುವೆ ತುಂಡಾದರೆ ಒಂದು ಮರುದನಿಯ ಅಕ್ಕಪಕ್ಕ ಇಲ್ಲದ ಮರುದನಿಗಳೂ ಹುಟ್ಟುತ್ತವೆ. ಒಂದು ಕಾಗೆ ಕೂತರೆ ಮಂಗನ ಸಂಸಾರವೇ ಬಂದಂತೆ ದೀಪ ಹೊತ್ತುತ್ತಿತ್ತು. ಚಿಕ್ಕಿ ಕೋಲು ಎತ್ತಿಕೊಂಡು ಓಡಿ, ಕಾಗೆಯ ಎದುರು ನಿಂತು, ನನ್ನ ಕಡೆ ತಿರುಗಿ ನೋಡಿದಳು.

"ಬಂದ್ ಮಾಡ್ತೆ ಬಿಡು ಚಿಕ್ಕಿ," ಎಂದೆ.

"ಹಪ್ಪಳ ನಿನ್ನಪ್ಪ ಬಂದು ಕಾಯ್ತ್ನಾ? ಮದ್ದಲೆ ಬ್ಯಾಡ ಹೇಳಿ ಯಾರಾದ್ರೂ ತಾಳಮದ್ದಲೆ ಮಾಡ್ತ್ವನೇ? ಅರ್ಥ ಹೇಳಕಾದ್ರೆ ಮದ್ದಲೆಯಂವ ಸುಮ್ನೆ ಕೂರ್ತಾ, ಮಾತು ಬಿಟ್ಟಲ್ಲಿ ಬಾರಿಸ್ತಾ. ನಿನ್ನ ಪೆಟ್ಟಿಗೆಗೆ ಅಷ್ಟೂ ಕಿವಿ ಇಲ್ಯನೇ?"

ಬೈಗುಳವೇ ಅದು. ಆದರೆ ನಾನು ಅಲ್ಲೇ ಕೂತು ಯೋಚಿಸಿದೆ. ವೈಫೈ ಕೂಡ ಒಂದೇ ಸಮನೆ ಮಾತಾಡುವುದಿಲ್ಲ. ತುಣುಕು ತುಣುಕಾಗಿ ಆಡುತ್ತದೆ, ನಡುವೆ ಉಸಿರು ಬಿಡುತ್ತದೆ. ಹಾಗಾದರೆ ಸ್ವರವನ್ನು ಕತ್ತರಿಸುವುದು ಬೇಡ, ಆ ಉಸಿರಿನೊಳಗೆ ಮುಗಿಯುವಷ್ಟು ಗಿಡ್ಡ ಮಾಡಿದರೆ ಸಾಕು. ಮೊದಲು ಕೇಳಬೇಕು, ಮೌನ ಸಿಕ್ಕರೆ ಇಡೀ ಸ್ವರ ಹಾಡಬೇಕು, ನಡುವೆ ವೈಫೈ ಬಾಯಿ ತೆರೆದರೆ ಅಲ್ಲಿಗೇ ನಿಲ್ಲಿಸಿ ಆ ಸರದಿ ಬಿಟ್ಟುಬಿಡಬೇಕು. ಕೆಲವು ಸರದಿ ತಪ್ಪಿದರೇನು, ಮಂಗ ಅಷ್ಟರಲ್ಲಿ ಹಪ್ಪಳ ತಿಂದು ಕೈ ತೊಳೆದುಕೊಂಡು ಹೋಗುವುದಿಲ್ಲವಲ್ಲ!

ರಾತ್ರಿ ಕೂತು ರಾಡಾರಿಗೆ ಇದನ್ನೇ ಕಲಿಸಿದೆ. ಅಭ್ಯಾಸದ ದಿನ ತಾರಸಿ ಬಾಗಿಲ ಪಕ್ಕದಲ್ಲೇ ಚಿಕ್ಕಿ ಕೂತಳು. ಅಕ್ಕ ಪದ್ಯ ಹೇಳಿದಳು, ಎಲ್ಲೂ ಕಡಿಯಲಿಲ್ಲ. ಚಿಕ್ಕಿ ಅರ್ಥ ಶುರು ಮಾಡಿದಳು, ತಡವರಿಸಲಿಲ್ಲ. ನಾನು ಉಸಿರು ಬಿಡುವಷ್ಟರಲ್ಲಿ ಕೆಂಪು ದೀಪ ಹೊತ್ತಿತು. ಈ ಸಲ ಕಾಗೆಯಲ್ಲ, ಖರೇ ಮಂಗ.

ಚಿಕ್ಕಿ ಮಾತು ನಿಲ್ಲಿಸಲಿಲ್ಲ. ಕೋಲು ಎತ್ತಿ ಬಾಗಿಲ ಕಡೆ ತಿರುಗಿ ಗುಡುಗಿದಳು: "ಎಲವೋ ಕಳ್ಳಾ! ಕಂಡವರ ಸೊತ್ತಿಗೆ ಕೈ ಹಾಕುವ ನಿನಗೆ ನಾಚಿಕೆಯಿಲ್ಲವೇ?"

ಮಂಗ ಹಲಸಿನ ಮರಕ್ಕೆ ಹಾರಿತು. ಸಿದ್ದಾಪುರದ ಎದುರು ಪಾತ್ರದವರು ಬೆಚ್ಚಿ ತಮ್ಮ ಮಾತೇ ಮರೆತರು. ಯಲ್ಲಾಪುರದಿಂದ ಅಕ್ಕ ಕೂಗಿದಳು.

"ಪಾತ್ರ ನಿಂದೇ! ಈ ಸಿಟ್ಟು ಎಲ್ಲಿತ್ತೇ ಇಷ್ಟು ದಿನ?"

ಚಿಕ್ಕಿ ನನ್ನನ್ನು ನೋಡಿ ನಗು ತಡೆದುಕೊಂಡಳು. "ಮರದ ಮೇಲಿಂದ ಇಳದು ಬಂತೇ ಅಕ್ಕಾ."